ಫೋಟೋಗಳ ಬೆನ್ನ ಮೇಲಿನ ಬರಹ

ಅಕ್ಕ ಫೋನ್ ಮಾಡಿದಾಗ ನಾನು ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕಿನ ನಮ್ಮ ಮನೆಯ ಹಿತ್ತಲಲ್ಲಿ ಬಸಳೆ ಬಳ್ಳಿಗೆ ಹಂದರ ಕಟ್ಟುತ್ತಿದ್ದೆ. ಅವರು ನನ್ನ ಒಡಹುಟ್ಟಿದವರಲ್ಲ. ಮೈಸೂರಿನವರು, ನನಗಿಂತ ಎಂಟು ವರ್ಷ ದೊಡ್ಡವರು, ಡಾಲಸ್ ಪಕ್ಕದ ಸೌತ್‌ಲೇಕಿನಲ್ಲಿ ಇದ್ದಾರೆ. ಹ್ಯೂಸ್ಟನ್ನಿಗೆ ಬರುವ ಮೊದಲು ನಾವೂ ಮೂರು ವರ್ಷ ಡಾಲಸ್ಸಿನಲ್ಲಿದ್ದೆವು. ನನ್ನ ಮಗಳು ಹುಟ್ಟಿದ್ದು ಅಲ್ಲಿಯೇ. ಧಾರವಾಡದಿಂದ ಬರಬೇಕಿದ್ದ ನನ್ನ ಅಮ್ಮನಿಗೆ ವೀಸಾ ಸಿಗಲಿಲ್ಲ. ಆಗ, ಕನ್ನಡ ಕೂಟದಲ್ಲಿ ಎರಡೇ ಸಲ ನೋಡಿದ್ದ ಈ ಅಕ್ಕ ಆಫೀಸಿಗೆ ಒಂದು ತಿಂಗಳು ರಜೆ ಹಾಕಿ ನನ್ನ ಬಾಣಂತನ ಮಾಡಿದರು. ಕೂಸಿಗೆ ಎಣ್ಣೆ ತಿಕ್ಕಿ ಎರೆದದ್ದು, ನನಗೆ ಬೆಳ್ಳುಳ್ಳಿ ಹುರಿದು ತುಪ್ಪದನ್ನ ಕಲಸಿ ಕೊಟ್ಟದ್ದು ಎಲ್ಲವೂ ಅವರೇ. ಅಂಥವರು ಕರೆದರೆ ಎಲ್ಲಿಗೆ, ಯಾಕೆ ಎಂದು ಕೇಳುವ ಅಭ್ಯಾಸ ನನಗಿರಲಿಲ್ಲ.

"ನೀನು ಕಾಲೇಜಲ್ಲಿ ಬಾಟನಿ ಹೇಳ್ಕೊಡ್ತಿದ್ದೆ ಅಲ್ವೇನೆ?" ಎಂದರು. "ಇಲ್ಲಿ ನಮ್ಮ ಪಕ್ಕದ ಮನೆ ತಾತನ ಹತ್ರ ಒಂದು ಟ್ರಂಕ್ ತುಂಬ ಹಳೇ ಫೋಟೋ ಇದೆ. ಎಲ್ಲಾ ನಮ್ಮ ಘಟ್ಟದ ಕಡೇದು. ಹಿಂದುಗಡೆ ಪೆನ್ಸಿಲ್‌ನಲ್ಲಿ ಏನೋ ಬರ್ದಿದೆ. ನೋಡಿದ್ರೆ ಕನ್ನಡ ಅನ್ಸುತ್ತೆ, ಓದೋಕೆ ಮಾತ್ರ ಆಗ್ತಿಲ್ಲ. ಬಂದು ನೋಡ್ತೀಯಾ?"

ಆ ಶನಿವಾರವೇ ಹೊರಟೆ. ಹ್ಯೂಸ್ಟನ್ ಊರನ್ನೇ ದಾಟಲು ಒಂದು ತಾಸು, ಆಮೇಲೆ ನೇರ ಉತ್ತರಕ್ಕೆ ನಾಲ್ಕು ತಾಸಿನ ದಾರಿ. ಮುಂದಿನ ಒಂದು ವರ್ಷದಲ್ಲಿ ಆ ದಾರಿಯನ್ನು ಎಷ್ಟು ಸಲ ಸವೆಸಿದೆನೋ ಲೆಕ್ಕವಿಲ್ಲ.

ಪಕ್ಕದ ಮನೆಯ ಅಜ್ಜ ಎಂಬತ್ತು ದಾಟಿದ ಅಮೆರಿಕನ್ನರು, ತೆಳ್ಳಗೆ ಎತ್ತರದ ಆಸಾಮಿ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಹೆಂಡತಿ ಇಂಗ್ಲೆಂಡಿನವರು. ಅವರ ಮುತ್ತಜ್ಜ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಮ್ಮ ಘಟ್ಟಗಳಲ್ಲಿ ಅರಣ್ಯಾಧಿಕಾರಿಯಾಗಿದ್ದವನು. ಕೆಲಸ ಕಾಡಿನದಾದರೂ ಜೀವವೆಲ್ಲ ಫರ್ನ್ ಎನ್ನುವ ಜರಿಗಿಡಗಳ ಮೇಲೆ. ಗಿಡ ಒಣಗಿಸಿ, ಚಿತ್ರ ಬರೆದು, ಫೋಟೋ ತೆಗೆದು ಊರಿಗೆ ಕಳಿಸುತ್ತಿದ್ದನಂತೆ. ಬಾಟನಿ ಓದಿದವರಲ್ಲೂ ಅವನ ಹೆಸರು ಬಲ್ಲವರು ಕಡಿಮೆ. ಇಂಗ್ಲೆಂಡಿನ ಅವರ ಮನೆಗೆ ಒಮ್ಮೆ ಬೆಂಕಿ ಬಿದ್ದು ಪುಸ್ತಕ, ಪತ್ರ, ಒಣಗಿಸಿದ ಗಿಡ ಎಲ್ಲವೂ ಸುಟ್ಟುಹೋದವು. ಉಳಿದದ್ದು ಬೆಂಕಿ ಮುಟ್ಟದ ಮಾಳಿಗೆಯ ತುದಿಯಲ್ಲಿದ್ದ ಒಂದು ತಗಡಿನ ಟ್ರಂಕು. ಮದುವೆಯಾಗಿ ಟೆಕ್ಸಸ್ಸಿಗೆ ಬಂದ ಹೆಂಗಸು ಅದನ್ನು ತವರಿನ ಬಳುವಳಿಯಂತೆ ಜೊತೆಗೆ ತಂದಿದ್ದರು. ಈಗ ಅದನ್ನು ಆಸ್ಟಿನ್ನಿನ ಒಂದು ಸಂಗ್ರಹಾಲಯಕ್ಕೆ ಕೊಡಬೇಕೆಂದು ಅಜ್ಜನಿಗೆ ಮನಸ್ಸು. ಸಂಗ್ರಹಾಲಯದವರು ಕೇಳಿದ್ದು ಒಂದೇ: ಪ್ರತಿ ಫೋಟೋಗೂ ನಂಬರು ಹಾಕಿ, ಅದರಲ್ಲಿ ಏನಿದೆಯೆಂದು ಬರೆದ ಪಟ್ಟಿ. ಆಗಷ್ಟೇ ರಿಟೈರ್ ಆಗಿದ್ದ ಅಕ್ಕ ಆ ಕೆಲಸವನ್ನು ತಾವೇ ಒಪ್ಪಿಕೊಂಡಿದ್ದರು.

ಅವರ ಊಟದ ಟೇಬಲ್ಲಿನ ಮೇಲೆ ಬಿಳಿ ಪಂಚೆ ಹಾಸಿ ಕುಳಿತೆವು. ಫೋಟೋಗಳು ಬಾಳೆಲೆಯ ಸುಳಿಯಂತೆ ಸುತ್ತಿಕೊಂಡಿದ್ದವು. ಆ ಕಾಲದ ಫೋಟೋ ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಬಳಿಯುತ್ತಿದ್ದರೆಂದು ನಾನು ಓದಿ ಹೇಳಿದೆ. ಅಕ್ಕ ನಕ್ಕರು. "ಮೂವತ್ತು ವರ್ಷದಿಂದ ಈ ಮನೆಗೆ ಮೊಟ್ಟೆ ತಂದಿರ್ಲಿಲ್ಲ, ಕೊನೆಗೂ ಊಟದ ಟೇಬಲ್ ಮೇಲೇ ಬಂದು ಕೂತ್ಕೊಂಡ್ತು ನೋಡು!"

ಅಜ್ಜ ಒಂದೇ ಒಂದು ಷರತ್ತು ಹಾಕಿದ್ದರು: ಫೋನಿನಲ್ಲಿ ಚಿತ್ರ ತೆಗೆಯಬಾರದು. ಮೊಮ್ಮಕ್ಕಳು ಎಲ್ಲವನ್ನೂ ಎಲ್ಲೆಲ್ಲೋ ಹಾಕುತ್ತಾರೆಂದು ಅವರಿಗೆ ಭಯ. "ದೊಡ್ಡೋರು ಕೇಳಿದಾರೆ, ಮಾತು ಉಳಿಸ್ಕೊಳೋಣ," ಎಂದರು ಅಕ್ಕ. ಹೀಗಾಗಿ ಲ್ಯಾಪ್‌ಟಾಪಿನಲ್ಲಿ ಅವರು ಅಳತೆ, ಗಿಡದ ಹೆಸರು, ಜಾಗ ತುಂಬಿಸುತ್ತಿದ್ದರು. ಬೆನ್ನಿನ ಬರಹವನ್ನು ನಾನು ನೋಟ್‌ಬುಕ್ಕಿನಲ್ಲಿ ಕೈಯಿಂದ ಇಳಿಸಿಕೊಳ್ಳುತ್ತಿದ್ದೆ.

ಅದು ಕನ್ನಡವೇ. ಅಕ್ಷರಗಳು ಒಂದರ ತೋಳು ಒಂದು ಹಿಡಿದುಕೊಂಡು ಓಡುವ ಹಳೆಯ ಕೂಡುಬರಹ. ನನ್ನ ಅಪ್ಪ ಧಾರವಾಡದ ಕಚೇರಿಯ ಮುಂದೆ ಕುಳಿತು ಜನರ ಖರೀದಿಪತ್ರ ಬರೆದುಕೊಡುತ್ತಿದ್ದವರು. ಹಳೆಯ ಕಾಗದಗಳನ್ನು ಮನೆಗೆ ತಂದು, ಕಣ್ಣು ಸಾಲದಾದಾಗ ನನ್ನಿಂದ ಓದಿಸುತ್ತಿದ್ದರು. ಆ ಕಲಿಕೆ ಸೌತ್‌ಲೇಕಿನಲ್ಲಿ ಕೆಲಸಕ್ಕೆ ಬಂತು. ಮೊದಲ ಬೆನ್ನನ್ನು ಓದಲು ಅರ್ಧ ಗಂಟೆ ಹಿಡಿಯಿತು: "ಹಳ್ಳದ ದಂಡೆಯ ಹೂ ಬಿಡದ ಸೊಪ್ಪು. ಮಂಜು ಇದ್ದುದರಿಂದ ಹೆಚ್ಚು ಹೊತ್ತು ತೆರೆದಿಟ್ಟೆ."

ಜರಿಗಿಡಕ್ಕೆ ಆ ಮನುಷ್ಯ ಇಟ್ಟ ಹೆಸರು ನೋಡಿ ನನಗೆ ಖುಷಿಯೋ ಖುಷಿ. ಹೂ ಬಿಡದ ಸೊಪ್ಪು! ನಾನು ಹುಡುಗರಿಗೆ ಒಂದು ತಾಸು ಪಾಠ ಮಾಡಿ ಹೇಳುತ್ತಿದ್ದುದನ್ನು ಅವನು ಮೂರು ಮಾತಿನಲ್ಲಿ ಹೇಳಿದ್ದ. ಆಮೇಲೆ ಎರಡನೆಯ ವಾಕ್ಯ ತಲೆಗೆ ಹೋಯಿತು. ಏನನ್ನು ತೆರೆದಿಟ್ಟ? ಆ ಕಾಲದ ಕ್ಯಾಮೆರಾದಲ್ಲಿ ಚಿತ್ರ ಮೂಡುತ್ತಿದ್ದದ್ದು ಗಾಜಿನ ಹಲಗೆಯ ಮೇಲೆ, ಅದಕ್ಕೆ ಗುಂಡಿ ಇರಲಿಲ್ಲ; ಮುಂದಿನ ಮುಚ್ಚಳ ತೆಗೆದು, ಮನಸ್ಸಿನಲ್ಲಿ ಎಣಿಸಿ, ಮತ್ತೆ ಮುಚ್ಚಬೇಕು. ಹೆಚ್ಚು ಹೊತ್ತು ತೆರೆದಿಟ್ಟೆ ಎಂದು ಬರೆಯುವವನು ಮುಚ್ಚಳ ತೆಗೆದವನೇ ಆಗಿರಬೇಕು.

"ಅಕ್ಕಾರ, ಫೋಟೋ ತಗದಾವ ಸಾಹೇಬ ಅಲ್ರಿ," ಎಂದೆ.

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. "ಮತ್ತೆ ಯಾರು?"

"ಈ ಬರದಾವ."

ತಿಂಗಳು ಕಳೆದಂತೆ ಒಂದೊಂದೇ ಬೆನ್ನು ಬಾಯಿಬಿಟ್ಟಿತು. "ಸಾಹೇಬರಿಗೆ ಜ್ವರ. ನಾನೊಬ್ಬನೇ ಹತ್ತಿ ಬಂದೆ." ಇನ್ನೊಂದು: "ಡೇರೆಯೊಳಗೆ ನೀರು. ಗಾಜು ಎರಡು ಒಡೆದವು. ಇದು ಉಳಿಯಿತು." ಸಾಹೇಬ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡ ಫೋಟೋ ಒಂದಿತ್ತು, ಅವನ ಬಲಗೈ ಹೊಗೆಯಂತೆ ಕಲಸಿಹೋಗಿತ್ತು. ಅದರ ಬೆನ್ನಿನಲ್ಲಿ: "ಸಾಹೇಬರು ಅಲುಗಾಡಿದರು. ಎರಡನೇ ಸಲ ತೆಗೆದೆ. ಇದೂ ಅಷ್ಟಕ್ಕಷ್ಟೇ." ಅದನ್ನು ಓದಿದಾಗ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ನಿಜವಾಗಿಯೂ ಕಣ್ಣೊರೆಸಿಕೊಂಡರು. ಆ ಮನುಷ್ಯ ಎಲ್ಲಿಯೂ ತನ್ನ ಹೆಸರು ಬರೆದಿರಲಿಲ್ಲ. ಎಲ್ಲ ಕಡೆ "ನಾನು", ಅಷ್ಟೇ. ನೂರಾ ಎಂಟು ಫೋಟೋಗಳಲ್ಲಿ ಎಪ್ಪತ್ತಕ್ಕೂ ಹೆಚ್ಚಿನವುಗಳ ಹಿಂದೆ ಅವನ ಕೈಬರಹವಿತ್ತು. ಪಟ್ಟಿಗೆ ಬೆನ್ನಿನ ಬರಹದ್ದೊಂದು, ಫೋಟೋ ತೆಗೆದವರದ್ದೊಂದು ಕಾಲಮ್ಮು ಸೇರಿಸಿ, ಅಷ್ಟಕ್ಕೂ 'ಸಹಾಯಕ' ಎಂದು ನಾನೇ ತುಂಬಿದೆ.

"ನಿಮ್ಮ ತಂದೆ ಇದ್ದಿದ್ರೆ ಎಷ್ಟು ಸಂತೋಷಪಡ್ತಿದ್ರೋ," ಎಂದು ಅಕ್ಕ ನನ್ನ ಭುಜ ಹಿಡಿದರು. "ನೋಡ್ತಿರು, ಈ ಮನುಷ್ಯನ್ನ ನಾವಿಬ್ರೂ ಸೇರಿ ಬೆಳಕಿಗೆ ತರೋಣ. ಇದು ನನ್ನ ಮಾತು."

ಅಜ್ಜನಿಗೆ ವಿಷಯ ಹೇಳಿದ್ದು ಅಕ್ಕನೇ, ನನ್ನ ಎದುರಿನಲ್ಲಿಯೇ. ಅವರು ಶಾಂತವಾಗಿ ಕೇಳಿಸಿಕೊಂಡರು. ಯಜಮಾನ ಹೇಳಿದ್ದನ್ನು ಆಳು ಬರೆದುಕೊಂಡಿರಬಹುದಲ್ಲ ಎಂದರು. ಜ್ವರದಲ್ಲಿ ಮಲಗಿದವನು "ನಾನೊಬ್ಬನೇ ಹತ್ತಿ ಬಂದೆ" ಎಂದು ಹೇಳಿ ಬರೆಸುತ್ತಾನೆಯೇ ಎಂದು ನಾನು ಕೇಳಿದೆ. ಅವರು ಗೋಡೆಯ ಮೇಲಿನ ಹೆಂಡತಿಯ ಫೋಟೋ ನೋಡಿದರು. ಮುತ್ತಜ್ಜ ಕ್ಯಾಮೆರಾ ಹೊತ್ತು ಕಾಡು ಸುತ್ತಿದ ಕಥೆ ಹೇಳಿಯೇ ಆಕೆ ಮಕ್ಕಳನ್ನು ಮಲಗಿಸುತ್ತಿದ್ದಳು ಎಂದಷ್ಟೇ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಈಗಲೂ ಇಲ್ಲ.

ಎರಡು ವಾರದ ಮೇಲೆ ಅಕ್ಕನ ಫೋನು. "ನೋಡೇ, 'ಫೋಟೋ ತೆಗೆದವರು' ಅನ್ನೋ ಕಾಲಮ್ಮಲ್ಲಿ ಸ್ವಲ್ಪ ಸಾಫ್ಟ್ ಆಗಿ ಬರಿ. 'ಸಹಾಯಕ' ಅನ್ನೋ ಬದ್ಲು 'ಬಹುಶಃ ಸಹಾಯಕ' ಅಂತ. ತಾತನಿಗೂ ಸಮಾಧಾನ ಆಗುತ್ತೆ."

ನಾನು ಒಪ್ಪಿದೆ. ಇದನ್ನು ಮುಚ್ಚಿಟ್ಟರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಬಹುಶಃ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲವೆಂದು ಗೊತ್ತಿದ್ದೂ, ಅಕ್ಕ ಕೇಳಿದರಲ್ಲ ಎಂದು, ಎಪ್ಪತ್ತು ಚಿಲ್ಲರೆ ಕಡೆ ನಾನೇ ಕೂತು ಆ ಪದ ಸೇರಿಸಿದೆ.

ಆಮೇಲೆ ಕರೆ ಕಡಿಮೆಯಾಯಿತು. "ಲಿಸ್ಟ್ ಮುಗೀತಲ್ಲ, ಇನ್ನೇನು ಪ್ಯಾಕಿಂಗ್ ಅಷ್ಟೇ. ನೀನ್ಯಾಕೆ ಅಷ್ಟು ದೂರ ಡ್ರೈವ್ ಮಾಡ್ತೀಯಾ, ಆರಾಮಾಗಿರು," ಎಂದರು. ನನ್ನ ಮೇಲಿನ ಅಕ್ಕರೆ ಎಂದುಕೊಂಡೆ. ಹಾಗೆಯೇ ಮೂರು ತಿಂಗಳು ಹೋಯಿತು.

ಆಸ್ಟಿನ್ನಿನ ಸಂಗ್ರಹಾಲಯದಲ್ಲಿ ಶನಿವಾರ ಮಧ್ಯಾಹ್ನ ಒಂದು ಚಿಕ್ಕ ಸಮಾರಂಭ ಇಟ್ಟುಕೊಂಡಿದ್ದರು. ನಾನು ಬಹಳ ದಿನದ ಮೇಲೆ ಇಳಕಲ್ ಸೀರೆ ಉಟ್ಟೆ. ನಮ್ಮ ಯಜಮಾನರು ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ಮಗಳು. ದಾರಿಯಲ್ಲಿ ಆ ಹೆಸರಿಲ್ಲದ ಮನುಷ್ಯನ ಬಗ್ಗೆ ಅವಳಿಗೆ ಹೇಳಿದೆ. ಅವಳು ಇಂಗ್ಲಿಷಿನಲ್ಲಿ, ಹಾಗಾದರೆ ಇವತ್ತು ಅವನ ದಿನ ಅಲ್ಲವೇ ಎಂದಳು.

ಒಳಗೆ ಉದ್ದನೆಯ ಮೇಜಿನ ಮೇಲೆ ಹನ್ನೆರಡು ಫೋಟೋ ಜೋಡಿಸಿದ್ದರು. ದೂರದಿಂದಲೇ ಏನೋ ಬೇರೆಯಾಗಿ ಕಂಡಿತು. ಸುರುಳಿ ಸುತ್ತಿಕೊಳ್ಳುತ್ತಿದ್ದ ಆ ಕಾಗದಗಳು ಈಗ ಸೆಟೆದು ಚಪ್ಪಟೆಯಾಗಿದ್ದವು. ಹತ್ತಿರ ಹೋದೆ. ಪ್ರತಿಯೊಂದನ್ನೂ ಕೆನೆಬಣ್ಣದ ದಪ್ಪ ರಟ್ಟಿಗೆ ಅಂಟಿಸಿದ್ದರು. ಅಲ್ಲಿನ ಸಂಗ್ರಹದ ಜವಾಬ್ದಾರಿ ಹೊತ್ತ ಹೆಂಗಸನ್ನು ಕೇಳಿ, ಕುರ್ಚಿಯ ಸಾಹೇಬನ ಫೋಟೋವನ್ನು ಎತ್ತಿ ಹಿಂದೆ ತಿರುಗಿಸಿದೆ. ಬರೀ ರಟ್ಟು. ಮೂಲೆಯಲ್ಲಿ ಅಕ್ಕನ ದುಂಡಗಿನ ಅಕ್ಷರದಲ್ಲಿ ನಂಬರು, ಬೇರೇನೂ ಇಲ್ಲ. ಇನ್ನೊಂದನ್ನು ತಿರುಗಿಸಿದೆ. ಮತ್ತೊಂದನ್ನು ತಿರುಗಿಸಿದೆ. ನಾಲ್ಕನೆಯದನ್ನು ಎತ್ತಿದಾಗ ಆ ಹೆಂಗಸು ಮೆಲ್ಲಗೆ ರಟ್ಟನ್ನು ನನ್ನಿಂದ ತೆಗೆದುಕೊಂಡರು.

ಅಚ್ಚಾದ ಪಟ್ಟಿಯ ಒಂದೊಂದು ಪ್ರತಿ ಎಲ್ಲ ಕುರ್ಚಿಗಳ ಮೇಲೂ ಇತ್ತು. ಬೆನ್ನಿನ ಬರಹದ ಕಾಲಮ್ಮೇ ಇರಲಿಲ್ಲ. ಫೋಟೋ ತೆಗೆದವರು ಎಂಬಲ್ಲಿ ನೂರಾ ಎಂಟು ಸಾಲುಗಳಲ್ಲೂ ಸಾಹೇಬನದೇ ಹೆಸರು. ನನ್ನ "ಬಹುಶಃ" ಸಹ ಉಳಿದಿರಲಿಲ್ಲ. ಕೊನೆಯ ಪುಟದಲ್ಲಿ, ಗಿಡಗಳ ಹೆಸರಿಗೆ ನೆರವಾದದ್ದಕ್ಕೆ ನನಗೊಂದು ಕೃತಜ್ಞತೆ. ಅಕ್ಕ ರೇಷ್ಮೆ ಸೀರೆಯಲ್ಲಿ ಎದ್ದು ನಿಂತು ಸಾಹೇಬನ ತಾಳ್ಮೆಯ ಬಗ್ಗೆ, ಅವನ ಕಣ್ಣಿನ ಬಗ್ಗೆ ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದರು. ಮುಂದಿನ ಸಾಲಿನಲ್ಲಿ ಅಜ್ಜ ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಅಕ್ಕನ ನೋಟ ಒಂದು ಸಲವೂ ನಾನಿದ್ದ ಕಡೆ ಬರಲಿಲ್ಲ.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅವರನ್ನು ಹಿಡಿದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ಅಂಟಿಸಿದ್ದು ಯಾರ್ರಿ ಅಕ್ಕಾರ?"

"ಡಾಲಸ್‌ನಲ್ಲಿ ಒಂದು ಫ್ರೇಮ್ ಹಾಕೋ ಅಂಗಡಿ ಇದೆ. ಅಲ್ಲಿ."

"ಒಯ್ದು ಕೊಟ್ಟಾವ್ರು ಯಾರ್ರಿ?"

"ನಾನೇ. ತಾತ ಹಠ ಹಿಡಿದು ಕೂತಿದ್ರು ಕಣೆ. ಹಿಂದಿನ ಬರಹ ಕಾಣೋ ಹಾಗಿದ್ರೆ ಕೊಡಲ್ಲ, ಮೊಮ್ಮಕ್ಕಳಿಗೆ ಹಂಚಿಬಿಡ್ತೀನಿ ಅಂದ್ರು. ಹಂಚಿದ್ರೆ ಏನಾಗ್ತಿತ್ತು ಹೇಳು? ಫೋಟೋ ಆದ್ರೂ ಉಳೀತಲ್ಲ."

"ನನಗ ಒಂದ್ ಮಾತ್ ಹೇಳಬೇಕಿತ್ತಲ್ರಿ."

"ಹೇಳಿದ್ರೆ ಒಪ್ಕೋತಿದ್ಯಾ?"

"ಇಲ್ರಿ."

"ಅದಕ್ಕೇ ಹೇಳ್ಲಿಲ್ಲ," ಎಂದು ಅವರು ನನ್ನ ಕೈ ಹಿಡಿಯಲು ಬಂದರು. ನಾನು ಹಿಂದೆ ಸರಿದೆ. ಇಪ್ಪತ್ತು ವರ್ಷದಲ್ಲಿ ಅವರ ಕೈಯಿಂದ ನಾನು ಸರಿದದ್ದು ಅದೇ ಮೊದಲು. ಅವರ ಮುಖ ಸಣ್ಣದಾಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಮುಂದಿನ ಕೆಲವು ದಿನ ಅನ್ನಕ್ಕೆ ಇಟ್ಟು ಮರೆತೆ, ಸ್ನಾನಕ್ಕೆ ಹೋಗಿ ಸುಮ್ಮನೆ ನಿಂತೆ. ಎದೆ ಚುಚ್ಚುತ್ತಿದ್ದದ್ದು ಫೋಟೋ ಒಂದೇ ಅಲ್ಲ. ಇಷ್ಟು ವರ್ಷ ನನ್ನ ಒಳ್ಳೆಯದಕ್ಕೆಂದು ಅವರು ನನಗೆ ಇನ್ನೇನೇನು ಹೇಳದೆ ಬಿಟ್ಟಿದ್ದರೋ ಎಂಬ ಅನುಮಾನ. ವಿಶ್ವಾಸ ಒಡೆದರೆ ಅದು ಹಿಂದಕ್ಕೂ ಬಿರುಕು ಬಿಡುತ್ತದೆ. ಬಾಣಂತನದ ಆ ತಿಂಗಳೂ ನೆನಪಿನಲ್ಲಿ ಮೊದಲಿನ ಹಾಗೆ ಬೆಚ್ಚಗಿರಲಿಲ್ಲ.

ಯಜಮಾನರು ಸ್ಪೇಸ್ ಸೆಂಟರಿನ ಎಂಜಿನಿಯರು, ಮಾತು ಕಮ್ಮಿ. ಒಂದು ಮುಂಜಾನೆ ಚಹಾ ಸೋಸುತ್ತ ಕೇಳಿದರು: "ನೀ ಬರಕೊಂಡಿದ್ದ ನೋಟ್‌ಬುಕ್ ಎಲ್ಲದ?"

"ಕಪಾಟಿನ್ಯಾಗ ಅದ. ಯಾಕ್ರಿ?"

"ಅದರಾಗ ಎಲ್ಲಾ ಅದ. ಒಯ್ದು ಕೊಟ್ಟು ಬಾ."

ಎರಡು ನೋಟ್‌ಬುಕ್ಕು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಆಸ್ಟಿನ್ನಿಗೆ ಹೋದೆ. ಆ ದಿನ ರಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದ ಹೆಂಗಸೇ ಸಿಕ್ಕರು. ನಾನು ಎಲ್ಲವನ್ನೂ ಹೇಳಿದೆ. ಅವರು ಬೇಸರದಿಂದ ತಲೆಯಾಡಿಸಿದರು. ಅಂಟು ಬಿಸಿ ಮಾಡಿ ಒತ್ತುವ ಬಗೆಯದು. ಬಿಡಿಸಲು ಹೋದರೆ ಕಾಗದದ ಹಿಂಬದಿ ಅಂಟಿನ ಜೊತೆಗೇ ಕಿತ್ತುಬರುತ್ತದೆ, ಚಿತ್ರವೂ ಹೋಗಬಹುದು ಎಂದು ತಮ್ಮಲ್ಲಿನ ತಜ್ಞರು ಆಗಲೇ ನೋಡಿ ಹೇಳಿದ್ದಾರೆ ಎಂದರು. ಅಂಟಿಸಿ ತಂದದ್ದಕ್ಕೆ ಅವರಿಗೂ ಸಿಟ್ಟಿತ್ತು. ಆದರೆ ಹಿಂದೆ ಬರಹ ಇತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ.

"ನೀವು ಕೇಳಲಿಲ್ಲವೇ?" ಎಂದೆ.

ಅವರು ಫೈಲು ತೆಗೆದು ಒಂದು ಕಾಗದವನ್ನು ನನ್ನ ಮುಂದೆ ಸರಿಸಿದರು. ಫೋಟೋಗಳ ಜೊತೆಗೆ ಅಕ್ಕ ಬರೆದು ಕೊಟ್ಟ ಪತ್ರ. ಅದರಲ್ಲಿ ಒಂದು ಸಾಲು: ಅಂಟಿಸುವ ಮೊದಲು ಎಲ್ಲ ಹಿಂಬದಿಗಳನ್ನೂ ಪರಿಶೀಲಿಸಲಾಗಿದೆ, ಗಮನಿಸಬೇಕಾದ ಬರಹವೇನೂ ಇರಲಿಲ್ಲ. ಕೆಳಗೆ ಅಕ್ಕನ ಸಹಿ.

ಅಜ್ಜನ ಹಠ, ಫೋಟೋ ಉಳಿಸುವ ಆಸೆ, ಎಲ್ಲಕ್ಕೂ ನಾನು ಮನಸ್ಸಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದೆ. ಆ ಸಾಲಿಗೆ ಬಿಟ್ಟುಕೊಡಲು ಜಾಗವಿರಲಿಲ್ಲ. ಅದನ್ನು ಬರೆ ಎಂದು ಅಜ್ಜ ಹೇಳಿರಲಾರರು. ಅಷ್ಟು ವಿವರ ಅವರಿಗೆ ತಿಳಿಯುತ್ತಿರಲಿಲ್ಲ. "ಇದೂ ಅಷ್ಟಕ್ಕಷ್ಟೇ" ಓದಿ ಕಣ್ಣೊರೆಸಿಕೊಂಡವರೇ ಅದನ್ನು ಬರೆದಿದ್ದರು. ನಾನು ಆ ಓದುಕೋಣೆಯಲ್ಲಿ, ಪರವೂರಿನ ಹೆಂಗಸಿನ ಮುಂದೆ, ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತೆ.

ಅವರು ನೋಟ್‌ಬುಕ್ಕುಗಳನ್ನು ಸ್ಕ್ಯಾನ್ ಮಾಡಿ ಸಂಗ್ರಹಕ್ಕೆ ಸೇರಿಸಿಕೊಂಡರು. ಮೂಲ ಕಣ್ಣಿಗೆ ಕಾಣದೆ ಖಚಿತವಾಗಿ ಬರೆಯಲು ಬರುವುದಿಲ್ಲ ಎಂದು ನೇರವಾಗಿ ಹೇಳಿದರು. ಈಗ ಆ ಸಂಗ್ರಹಾಲಯದ ಪಟ್ಟಿಯಲ್ಲಿ, ಫೋಟೋ ತೆಗೆದವರು ಎಂಬಲ್ಲಿ ಹೀಗಿದೆ: ಖಚಿತವಿಲ್ಲ, ಬಹುಶಃ ಕನ್ನಡ ಬಲ್ಲ ಸಹಾಯಕ, ಸ್ವಯಂಸೇವಕಿಯೊಬ್ಬರ ಟಿಪ್ಪಣಿ ನೋಡಿ. ಅವನ ಮಾತಿಗೆ ಈಗ ಸಾಕ್ಷಿ ನಾನೊಬ್ಬಳೇ. ನಾನು ಸುಳ್ಳು ಹೇಳುತ್ತಿದ್ದೇನೆಂದು ಯಾರಾದರೂ ಅಂದರೆ ತೋರಿಸಲು ನನ್ನ ಬಳಿ ಏನೂ ಇಲ್ಲ.

ಅಕ್ಕ ಎರಡು ಮೂರು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ. ಯುಗಾದಿಗೆ ಮೆಸೇಜು ಬಂತು, ಉತ್ತರಿಸಲಿಲ್ಲ. ಅಜ್ಜ ತೀರಿಕೊಂಡ ಸುದ್ದಿ ಬೇರೆಯವರಿಂದ ತಿಳಿಯಿತು.

ಕಳೆದ ವರ್ಷ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ಪರಿಚಯದವರ ಮೊಮ್ಮಗುವಿನ ನಾಮಕರಣ. ಊಟದ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದಾಗ ಅಕ್ಕ ಎದುರಿಗೆ ಬಂದರು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು, ಪೂರ್ತಿ ಬೆಳ್ಳಗಾಗಿತ್ತು. ನನ್ನ ಪಕ್ಕದಲ್ಲಿಯೇ ಕುಳಿತರು. ಮಗಳ ಓದು ಎಲ್ಲಿಗೆ ಬಂತೆಂದು ಕೇಳಿದರು. ಹೇಳಿದೆ. ಆಮೇಲೆ ತಟ್ಟೆಯಲ್ಲಿ ಬೆರಳಾಡಿಸುತ್ತ, "ಇನ್ನೂ ಸಿಟ್ಟು ಹೋಗಿಲ್ವೇನೆ?" ಎಂದರು.

"ಪತ್ರ ನೋಡೀನ್ರಿ ಅಕ್ಕಾರ. ಆಸ್ಟಿನ್ನಿನ್ಯಾಗ."

ಅವರ ಕೈ ನಿಂತಿತು. "ನಂಗೆ ಆ ಸಮಾರಂಭ ಬೇಕಾಗಿತ್ತು," ಎಂದರು, ಕೇಳಿಸೀತೋ ಇಲ್ಲವೋ ಎನ್ನುವ ದನಿಯಲ್ಲಿ. "ಮೂವತ್ತು ವರ್ಷ ಕಂಪ್ಯೂಟರ್ ಮುಂದೆ ಕೂತೆ. ಒಂದು ದಿನ ನಾಲ್ಕು ಜನದ ಮುಂದೆ ನಿಂತು ಮಾತಾಡ್ಬೇಕು ಅನ್ನಿಸ್ತು. ತಾತ ಬೇಡ ಅಂದ್ರೆ ಎಲ್ಲಾ ನಿಂತುಹೋಗ್ತಿತ್ತು."

ಮೊದಲ ಸಲ ಅವರು ನಿಜ ಹೇಳಿದ್ದರು. ಅದಕ್ಕಾಗಿ ಅವರ ಮೇಲೆ ಒಂದು ಬಗೆಯ ಗೌರವವೂ ಹುಟ್ಟಿತು. ಆದರೆ ಕ್ಷಮಿಸಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕ್ಷಮಿಸಬೇಕಾದವಳು ನಾನೊಬ್ಬಳೇ ಆಗಿದ್ದರೆ ಬಹುಶಃ ಕ್ಷಮಿಸುತ್ತಿದ್ದೆನೇನೋ.

"ಊಟ ಮಾಡ್ರಿ, ಅನ್ನ ಆರ್ತದ," ಎಂದೆ.

ಇಬ್ಬರೂ ಊಟ ಮುಗಿಸಿದೆವು. ಕೈ ತೊಳೆಯುವಲ್ಲಿ ಅವರು, "ಯಾವಾಗ ಬರ್ತೀಯಾ ಮನೆಗೆ?" ಎಂದರು. ನಾನು ಬರಂಗಿಲ್ರಿ ಎಂದೆ. ಅವರು ತಲೆಯಾಡಿಸಿ, ಮಗುವಿನ ತಾಯಿಗೆ ಉಡುಗೊರೆ ಕೊಡಲು ಒಳಗೆ ಹೋದರು. ನಾನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮಧ್ಯಾಹ್ನದ ಟ್ರಾಫಿಕ್ ಶುರುವಾಗುವ ಮೊದಲೇ ಮನೆ ಸೇರಿದೆ.